ಕಾದಿರುವದು ನಂಬಿಕೆಯೋ, ಉದಾಸೀನವೋ?

ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಒಬ್ಬ ತಂದೆಯ ವೃತ್ತಾಂತವಿದೆ. ಅವನು ತನ್ನ ಮಗನನ್ನು ಯೇಸು ಸ್ವಾಮಿಯ ಬಳಿಗೆ ಕರತಂದನು. ಆ ಹುಡುಗನಿಗೆ ಮಾತಿಲ್ಲ; ಆಗಾಗ ನೆಲಕ್ಕೆ ಬಿದ್ದು ಬಾಯಲ್ಲಿ ನೊರೆ ಸುರಿಸುವನು. ಶಿಷ್ಯರು ಏನೂ ಮಾಡಲಾರದೆ ನಿಂತಿದ್ದರು, ಶಾಸ್ತ್ರಿಗಳು ತರ್ಕಿಸುತ್ತಿದ್ದರು, ಜನರು ನೆರೆದು ನೋಡುತ್ತಿದ್ದರು. ಆಗ ಕರ್ತನು ಆ ತಂದೆಯನ್ನು ಏನೆಂದು ಕೇಳಿದನು? ನೀನು ಯಾವ ಪಾಪ ಮಾಡಿದಿ ಎಂದು ಕೇಳಲಿಲ್ಲ. ನಿನಗೆ ನಂಬಿಕೆ ಉಂಟೋ ಎಂದು ಸಹ ಮೊದಲು ಕೇಳಲಿಲ್ಲ. ಈ ಬಾಧೆ ಇವನಿಗೆ ಬಂದು ಎಷ್ಟು ಕಾಲವಾಯಿತೆಂದು ವಿಚಾರಿಸಿದನು. ಚಿಕ್ಕಂದಿನಿಂದಲೇ ಎಂದು ತಂದೆಯು ಉತ್ತರ ಕೊಟ್ಟನು.

ಪ್ರಿಯ ವಾಚಕರೇ, ಸಕಲವನ್ನೂ ಬಲ್ಲಾತನು ಇದನ್ನು ಕೇಳಬೇಕಾದ ಅಗತ್ಯವೇನಿತ್ತು? ನಾನು ಈ ಭಾಗವನ್ನು ಅನೇಕ ಸಾರಿ ಓದಿದ್ದೇನೆ, ಇದರ ಮೇಲೆ ಪ್ರಸಂಗವನ್ನೂ ಮಾಡಿದ್ದೇನೆ. ಆದರೆ ಪ್ರತಿ ಸಾರಿಯೂ ತಂದೆಯು ಕಣ್ಣೀರಿನಿಂದ ನಂಬಿಕೆಗಾಗಿ ಬೇಡಿಕೊಂಡ ಮಾತನ್ನೇ ಹಿಡಿದುಕೊಂಡು, ಕರ್ತನು ಕಾಲವನ್ನು ಕುರಿತು ಕೇಳಿದ ಈ ಪ್ರಶ್ನೆಯನ್ನು ದಾಟಿ ಹೋಗುತ್ತಿದ್ದೆನು. ಇದರ ಬೆಲೆಯನ್ನು ನನಗೆ ಕಲಿಸಿದವಳು ನಮ್ಮ ಸಭೆಯ ಒಬ್ಬ ತಾಯಿ. ಆ ಪಾಠಕ್ಕೆ ತೆರ ಕೊಟ್ಟವನಾದರೋ ಆಕೆಯ ಮಗನು. ಈ ಸಂಗತಿಯನ್ನು ಮರೆಮಾಡದೆ ಬರೆಯುವದು ನನ್ನ ಕರ್ತವ್ಯವೆಂದು ತಿಳಿದು ಬರೆಯುತ್ತೇನೆ.

ಒಂಬತ್ತು ವರ್ಷಗಳ ಹಿಂದೆ ಒಂದು ಆದಿತ್ಯವಾರ ಆರಾಧನೆ ಮುಗಿದ ಮೇಲೆ ಆಕೆಯು ಎರಡು ವರ್ಷದ ಕೂಸನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದು, “ಅಯ್ಯನವರೇ, ಇವನು ಕರೆದರೆ ತಿರುಗಿ ನೋಡುವದಿಲ್ಲ, ಅವ್ವಾ ಎಂದು ಸಹ ಅನ್ನುವದಿಲ್ಲ, ನನಗೆ ಭಯವಾಗುತ್ತದೆ” ಎಂದು ಹೇಳಿದಳು. ನಾನು ಕೂಸಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆನು. ತರುವಾಯ, “ತಂಗೀ, ಭಯಪಡಬೇಡ. ಗಂಡು ಹುಡುಗರು ತಡವಾಗಿ ಮಾತಾಡುವರು. ಇವನ ಅಜ್ಜನು ಸಹ ನಾಲ್ಕು ವರ್ಷಕ್ಕೆ ಬಾಯಿಬಿಟ್ಟನೆಂದು ಕೇಳಿದ್ದೇನೆ. ದೇವರ ವೇಳೆಗಾಗಿ ಕಾದಿರು” ಎಂದು ಹೇಳಿ ಕಳುಹಿಸಿದೆನು. ಆಕೆಯು ನನ್ನ ಮಾತನ್ನು ನಂಬಿದಳು. ಉಪದೇಶಿಯ ಮಾತಲ್ಲವೇ! ನಾಟಿಯ ಕಾಲಕ್ಕೆ ಗದ್ದೆಯ ಕೂಲಿಗೂ, ಬೇಸಿಗೆಯಲ್ಲಿ ಗುಳೆಗೂ ಆಕೆ ಕೂಸನ್ನು ಕಟ್ಟಿಕೊಂಡು ಹೋಗುತ್ತಿದ್ದಳು. ಆದಕಾರಣ ಅಂಗನವಾಡಿಯಲ್ಲಿ ಪರೀಕ್ಷೆ ನಡೆದ ದಿನಗಳಲ್ಲಿ ಅವನು ಊರಲ್ಲಿರಲಿಲ್ಲ. ಹುಡುಗನಿಗೆ ಐದು ವರ್ಷವಾದ ಮೇಲೆ ಒಂದು ಪರೀಕ್ಷೆಯ ದಿನ ಅವನು ಸಿಕ್ಕಿದನು. ಬಳ್ಳಾರಿಗೆ ಕರಕೊಂಡು ಹೋಗಬೇಕೆಂದು ಚೀಟಿ ಬರೆದುಕೊಟ್ಟರು. ನಾನೂ ಜೊತೆಗೆ ಹೋದೆನು. ಅವನು ಹುಟ್ಟಿದಂದಿನಿಂದಲೇ ಕಿವುಡನಾಗಿದ್ದಾನೆಂದು ಅಲ್ಲಿ ತಿಳಿದುಬಂತು. ವೈದ್ಯರು ಆಕೆಯನ್ನು ನೋಡಿ, “ಇಷ್ಟು ವರ್ಷ ಯಾಕೆ ತರಲಿಲ್ಲ?” ಎಂದು ಕೇಳಿದರು. “ತಿಳಿಯಲಿಲ್ಲ ಸಾಹೇಬರೇ” ಎಂದು ಆಕೆ ತಲೆಬಾಗಿದಳು. ನಾನು ಪಕ್ಕದಲ್ಲಿ ನಿಂತಿದ್ದೆನು. ಆಕೆಯು ನನ್ನ ಹೆಸರನ್ನು ಹೇಳಲಿಲ್ಲ.

ಅಂದಿನಿಂದ ಈ ಪ್ರಶ್ನೆಯು ನನ್ನನ್ನು ಬಿಟ್ಟಿಲ್ಲ: ಕೂಸಿನ ಬೆಳವಣಿಗೆ ತಡವಾದಾಗ ನಾವು ಕಾದಿರುವದು ನಂಬಿಕೆಯೋ, ಉದಾಸೀನವೋ? ಸತ್ಯವೇದವು ತಾಳ್ಮೆಯನ್ನು ಹೊಗಳುತ್ತದೆ, ನಿಜ. ಆದರೆ ನಾವು ತಾಳ್ಮೆಯೆಂದು ಕರೆಯುವದೆಲ್ಲಾ ತಾಳ್ಮೆಯಾಗಿರುವದೋ ಎಂಬದನ್ನು ಶೋಧಿಸಿ ನೋಡಬೇಕಲ್ಲವೇ?

ನಮ್ಮ ಹಚ್ಚೊಳ್ಳಿ ಸೀಮೆಯ ಒಕ್ಕಲಿಗನಿಗೆ ಇದನ್ನು ತಿಳಿಸುವದು ಕಷ್ಟವಲ್ಲ. ಎರೆಹೊಲದಲ್ಲಿ ಬಿಳಿಜೋಳ ಬಿತ್ತುವವನು ಮಳೆಗಾಗಿ ಕಾಯುತ್ತಾನೆ. ಮಳೆ ಬಿದ್ದು ಹದ ಬಂದ ಮೇಲೆ ಕಾಯುವದಿಲ್ಲ. ಆಗ ಒಂದು ವಾರ ಮನೆಯಲ್ಲಿ ಕೂತು, ದೇವರು ಕೊಡುವದಾದರೆ ಕೊಡುವನು ಎಂದು ಹೇಳುವವನನ್ನು ನಾವು ಭಕ್ತನೆಂದು ಕರೆಯುವದಿಲ್ಲ, ಸೋಮಾರಿಯೆಂದು ಕರೆಯುತ್ತೇವೆ. ಮಳೆ ದೇವರದು, ಹದ ದೇವರದು, ಮೊಳೆಯಿಸುವವನೂ ದೇವರೇ. ಕೂರಿಗೆ ಹಿಡಿಯುವ ಕೈ ಮಾತ್ರ ನಮ್ಮದು. ಹದ ಬರುವ ತನಕ ಕಾಯುವದು ತಾಳ್ಮೆ. ಹದ ಬಂದ ಮೇಲೆ ಕಾಯುವದು ಉದಾಸೀನ. ಹಾಗಾದರೆ ಮಗುವಿಗೂ ಇಂಥ ಹದವುಂಟೋ? ಉಂಟು. ವೈದ್ಯರು ಇದನ್ನು ಚೆನ್ನಾಗಿ ಕಂಡುಕೊಂಡಿದ್ದಾರೆ.

ಎರಡು ವರ್ಷ ತುಂಬುವಷ್ಟರಲ್ಲಿ ಕೂಸಿನ ಮೆದುಳು ದೊಡ್ಡವರ ಮೆದುಳಿನ ಗಾತ್ರದಲ್ಲಿ ನಾಲ್ಕನೆಯ ಮೂರು ಪಾಲಿಗಿಂತಲೂ ಹೆಚ್ಚು ಬೆಳೆದಿರುತ್ತದೆ. ಆ ಕಾಲದಲ್ಲಿ ಕಣ್ಣು ಕಂಡದ್ದು, ಕಿವಿ ಕೇಳಿದ್ದು, ಕೈ ಮುಟ್ಟಿದ್ದು, ತಾಯಿ ನಕ್ಕದ್ದು, ಇವೆಲ್ಲವುಗಳಿಂದ ಮೆದುಳಿನಲ್ಲಿ ದಾರಿಗಳು ತೆರೆಯುತ್ತವೆ. ನಡೆದಾಡದ ದಾರಿಯು ಹೊಲದ ಕಾಲುದಾರಿಯಂತೆ ಹುಲ್ಲು ಬೆಳೆದು ಮುಚ್ಚಿಹೋಗುತ್ತದೆ. ಹುಟ್ಟುಗಿವುಡ ಮಗುವಿನ ಸಂಗತಿಯೂ ಹೀಗೆಯೇ. ಕಿವಿಯೊಳಗೆ ಇಡುವ ಯಂತ್ರವನ್ನು ಮೂರೂವರೆ ವರ್ಷದೊಳಗೆ ಹೊಂದಿದ ಮಗುವಿನ ಮೆದುಳು ಶಬ್ದವನ್ನು ಗ್ರಹಿಸಲು ಚೆನ್ನಾಗಿ ಕಲಿಯುತ್ತದೆ; ಏಳು ವರ್ಷ ದಾಟಿದ ಮೇಲೆ ಅದೇ ಯಂತ್ರದಿಂದ ದೊರೆಯುವ ಫಲವು ಬಹು ಕಡಿಮೆ. ಅಮೇರಿಕ ದೇಶದ ಕೊಲರಾಡೋ ಸೀಮೆಯಲ್ಲಿ ಕ್ರಿಸ್ಟೀನ್ ಯೋಶಿನಾಗ-ಇತಾನೋ ಎಂಬ ವಿದ್ವಾಂಸಳು ತನ್ನ ಸಂಗಡಿಗರೊಂದಿಗೆ ಕಿವುಡ ಮಕ್ಕಳನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ್ದೇನಂದರೆ: ಆರು ತಿಂಗಳೊಳಗೆ ಕಿವುಡುತನವನ್ನು ಕಂಡುಹಿಡಿದು ಸಹಾಯ ಕೊಟ್ಟ ಮಕ್ಕಳು, ತಡವಾಗಿ ಕಂಡುಹಿಡಿಯಲ್ಪಟ್ಟವರಿಗಿಂತ ಭಾಷೆಯಲ್ಲಿ ಬಹಳ ಮುಂದಿದ್ದರು. ಇದರಿಂದಲೇ, ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿಶ್ಚಯ, ಆರು ತಿಂಗಳೊಳಗೆ ಸಹಾಯ ಎಂದು ವೈದ್ಯರು ಲೆಕ್ಕ ಹಾಕಿದ್ದಾರೆ. ನಾನು ಆ ತಾಯಿಗೆ ಹೇಳಿದ್ದೋ, ಇನ್ನೂ ಎರಡು ವರ್ಷ ಕಾದಿರು ಎಂದು!

ಕಿವಿಯೊಂದೇ ಅಲ್ಲ. ಕೆಲವು ಕೂಸುಗಳು ಹುಟ್ಟುವಾಗಲೇ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ರಸದ ಕೊರತೆಯುಳ್ಳವಾಗಿರುತ್ತವೆ. ಹಿಮ್ಮಡಿಯಿಂದ ಒಂದೆರಡು ತೊಟ್ಟು ರಕ್ತ ತೆಗೆದು ಇದನ್ನು ತಿಳಿಯಬಹುದು. ಮೊದಲ ಎರಡು ವಾರಗಳಲ್ಲಿ ಔಷಧವನ್ನು ಆರಂಭಿಸಿ ದಿನಾಲು ಕೊಟ್ಟರೆ ಮಗು ಸಾಮಾನ್ಯವಾಗಿ ಎಲ್ಲರಂತೆ ಬುದ್ಧಿಯುಳ್ಳದ್ದಾಗಿ ಬೆಳೆಯುವದು. ತಿಂಗಳುಗಟ್ಟಳೆ ತಡವಾದರೆ ಬುದ್ಧಿಗೆ ಆದ ಹಾನಿಯು ತಿರುಗಿ ಸರಿಯಾಗದು. ಇನ್ನು ಕೆಲವು ಕೂಸುಗಳ ಪಾದಗಳು ಒಳಕ್ಕೆ ತಿರುಚಿರುತ್ತವೆ. ಪೊನ್ಸೆಟಿ ಎಂಬ ವೈದ್ಯರು ತೋರಿಸಿಕೊಟ್ಟ ರೀತಿಯಲ್ಲಿ, ಹುಟ್ಟಿದ ಕೆಲವು ವಾರಗಳಿಂದಲೇ ಪಾದವನ್ನು ಮೆಲ್ಲಗೆ ತಿದ್ದಿ ವಾರಕ್ಕೊಮ್ಮೆ ಹೊಸ ಪ್ಲಾಸ್ಟರ್ ಕಟ್ಟುತ್ತಾ ಬಂದು, ಬೇಕಾದರೆ ಹಿಮ್ಮಡಿಯ ನರವನ್ನು ಚಿಕ್ಕದಾಗಿ ಕೊಯ್ದು, ಆ ಮೇಲೆ ನಾಲ್ಕು ವರ್ಷದ ತನಕ ರಾತ್ರಿ ಹೊತ್ತು ವಿಶೇಷ ಬೂಟು ತೊಡಿಸಿದರೆ, ಆ ಕೂಸು ಓಡಾಡುವದು. ಅದೇ ಪಾದವನ್ನು ಹತ್ತು ವರ್ಷದ ಮೇಲೆ ತಿದ್ದಹೋದರೆ ದೊಡ್ಡ ಶಸ್ತ್ರಕ್ರಿಯೆ ಬೇಕಾದೀತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಮಕ್ಕಳನ್ನು ಶಿಕ್ಷಿಸುವಾಗ ಹೇಳುತ್ತೇವೆ. ಮಕ್ಕಳಿಗೆ ಸಹಾಯ ಮಾಡುವಾಗಲೂ ಅದನ್ನು ನೆನಸಬೇಕು.

ಇಲ್ಲಿ ಕೆಲವರು, “ಈ ಮಾತುಗಳನ್ನು ಕಲಿತವರಿಗೆ ಹೇಳಿರಿ, ಮೂಢನಂಬಿಕೆಯಲ್ಲಿರುವವರಿಗೆ ಹೇಳಿರಿ, ನಾವು ತಾಯಿತ ಕಟ್ಟುವದನ್ನು ಬಿಟ್ಟು ಎಷ್ಟೋ ವರ್ಷಗಳಾದವು” ಎನ್ನಬಹುದು. 2019ನೆಯ ಇಸವಿ ಡಿಸೆಂಬರ್ 26ರಂದು ಸೂರ್ಯಗ್ರಹಣವಾದಾಗ ಕಲಬುರಗಿಯ ಹತ್ತಿರದ ತಾಜಸುಲ್ತಾನಪುರದಲ್ಲಿ ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಕುತ್ತಿಗೆಯ ತನಕ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಮಾಡಿದರೆ ಅಂಗಗಳಿಗೆ ಬಲ ಬರುವದೆಂಬ ನಂಬಿಕೆ. ಪತ್ರಿಕೆಗಳಲ್ಲಿ ಆ ಮಕ್ಕಳ ಚಿತ್ರಗಳು ಬಂದಾಗ ನಮ್ಮವರು ಅನೇಕರು ಆ ತಂದೆತಾಯಿಗಳನ್ನು ಹೀಯಾಳಿಸಿದರು. ನನಗಾದರೋ ಹೀಯಾಳಿಸುವ ಬಾಯಿರಲಿಲ್ಲ. ಯಾಕಂದರೆ ಆ ತಂದೆತಾಯಿಗಳಲ್ಲಿ ಪ್ರೀತಿಯ ಕೊರತೆ ಇರಲಿಲ್ಲ. ಮಗುವಿಗಾಗಿ ಏನಾದರೂ ಮಾಡಬೇಕೆಂಬ ಸಂಕಟವಿತ್ತು. ಸರಿಯಾದ ದಾರಿಯನ್ನು ತೋರಿಸುವವರು ಸಕಾಲದಲ್ಲಿ ಸಿಕ್ಕಿರಲಿಲ್ಲ. ನಾವೋ ನಮ್ಮ ಮಕ್ಕಳನ್ನು ಮಣ್ಣಿನಲ್ಲಿ ಹೂಳಲಿಲ್ಲ. ಆದರೆ ಮನೆಯ ಮೂಲೆಯಲ್ಲಿ ಕೂಡಿಸಿ, ಬಾಗಿಲು ಮುಂದುಮಾಡಿ, ಹಬ್ಬಕ್ಕೂ ಮದುವೆಗೂ ಅವರನ್ನು ಬಿಟ್ಟು ಹೋದೆವು. ಮಂತ್ರವಾದಿಯ ಬಳಿಗೆ ಹೋಗಲಿಲ್ಲ. ವೈದ್ಯರ ಬಳಿಗೂ ಹೋಗಲಿಲ್ಲ. ಹಿಂದೆ ನಮ್ಮ ಹಿರಿಯರು ಕರ್ಮವೆಂದು ಹೇಳುತ್ತಿದ್ದರು. ನಾವು ದೇವರ ಚಿತ್ತವೆಂದು ಹೇಳುತ್ತೇವೆ. ಹೇಳುವ ಧ್ವನಿ ಒಂದೇ ಆದರೆ, ಕೈಕಟ್ಟಿ ಕೂಡುವ ರೀತಿ ಒಂದೇ ಆದರೆ, ನಾವು ಬದಲಾಯಿಸಿದ್ದು ಮಾತನ್ನೋ ಮನಸ್ಸನ್ನೋ?

ದೇವರ ಚಿತ್ತವು ಏನೆಂಬದನ್ನು ತಿಳಿಯಬೇಕಾದರೆ ದೇವರ ಕುಮಾರನು ಏನು ಮಾಡಿದನೆಂದು ನೋಡಬೇಕು. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡಾಗ ಶಿಷ್ಯರಿಗೆ ಬಂದ ಮೊದಲನೆಯ ಯೋಚನೆಯು, ಯಾರ ಪಾಪದಿಂದ ಹೀಗಾಯಿತೆಂಬದೇ. ಕರ್ತನು ಆ ಪ್ರಶ್ನೆಯನ್ನೇ ತಳ್ಳಿಹಾಕಿದನು. ಇವನ ಪಾಪವೂ ಅಲ್ಲ, ತಂದೆತಾಯಿಗಳ ಪಾಪವೂ ಅಲ್ಲವೆಂದನು. ಮತ್ತು ಹಗಲಿರುವಾಗಲೇ ಕೆಲಸ ಮಾಡಬೇಕು, ಯಾರೂ ಕೆಲಸ ಮಾಡಲಾರದ ರಾತ್ರಿ ಬರುತ್ತದೆಂದು ಹೇಳಿ, ಕೂಡಲೇ ಕೆಸರು ಕಲಸಿ ಕೆಲಸಕ್ಕೆ ಕೈಹಾಕಿದನು. ನೋಡಿರಿ: ಅಪವಾದಕ್ಕೆ ಆತನಲ್ಲಿ ಸ್ಥಳವಿಲ್ಲ, ಆಲಸ್ಯಕ್ಕೂ ಸ್ಥಳವಿಲ್ಲ. ನಮ್ಮ ಊರುಗಳಲ್ಲಿ ಇವೆರಡೂ ಜೊತೆಯಾಗಿಯೇ ಇರುತ್ತವೆ. ಕೂಸು ನಡೆಯದಿದ್ದರೆ ಅತ್ತೆಯು ಸೊಸೆಯ ಗರ್ಭವನ್ನು ದೂರುತ್ತಾಳೆ, ಗಂಡನು ಹೆಂಡತಿಯ ತವರನ್ನು ದೂರುತ್ತಾನೆ. ಅಪವಾದವನ್ನು ಹೊತ್ತ ತಾಯಿಯು ನಾಚಿ ಕೂಸನ್ನು ಅಡಗಿಸುತ್ತಾಳೆ. ಅಡಗಿಸಿದ್ದರಿಂದ ಹದ ತಪ್ಪುತ್ತದೆ.

ಕಾರಣವನ್ನು ವಿಚಾರಿಸಲೇಬಾರದೆಂದು ನಾನು ಹೇಳುವದಿಲ್ಲ. ದೂರುವದಕ್ಕಾಗಿ ವಿಚಾರಿಸುವದು ಬೇರೆ, ಮುಂದಿನ ಕೂಸನ್ನು ಕಾಪಾಡುವದಕ್ಕಾಗಿ ವಿಚಾರಿಸುವದು ಬೇರೆ. ಹುಟ್ಟಿದ ಕೂಡಲೇ ಕೂಸು ಅಳದೆ ಉಸಿರು ತಡವಾದರೆ ಮೆದುಳಿಗೆ ಪೆಟ್ಟಾಗಬಹುದು. ಆದದರಿಂದ ಹೆರಿಗೆಯು ಆಸ್ಪತ್ರೆಯಲ್ಲಿ ಆಗುವದು ಒಳ್ಳೆಯದು. ಗರ್ಭಿಣಿಯಾಗುವದಕ್ಕೆ ಮುಂಚಿನಿಂದಲೂ ಮೊದಲನೆಯ ತಿಂಗಳುಗಳಲ್ಲಿಯೂ ಫೋಲಿಕ್ ಆಮ್ಲದ ಮಾತ್ರೆಯನ್ನು ತೆಗೆದುಕೊಂಡರೆ ಕೂಸಿನ ಬೆನ್ನುಹುರಿಯ ದೋಷಗಳಲ್ಲಿ ಬಹುಭಾಗವನ್ನು ತಡೆಯಬಹುದೆಂದು 1991ರಲ್ಲಿ ಸ್ಥಿರಪಟ್ಟಿದೆ. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವದು ನಮ್ಮ ಸೀಮೆಯಲ್ಲಿ ಹಿಂದಿನಿಂದ ಬಂದ ವಾಡಿಕೆ. ಕ್ರೈಸ್ತರಾದ ಮೇಲೂ ನಾವು ಅದನ್ನು ಬಿಟ್ಟಿಲ್ಲ. ಹೀಗೆ ಮದುವೆಯಾದವರ ಮಕ್ಕಳಲ್ಲಿ ಅನೇಕರು ಆರೋಗ್ಯವಾಗಿಯೇ ಇರುತ್ತಾರೆ. ಆದರೂ ಹುಟ್ಟುಗಿವುಡು ಮೊದಲಾದ ಕೆಲವು ದೋಷಗಳು ಇಂಥ ಸಂಬಂಧಗಳಲ್ಲಿ ಹೆಚ್ಚಾಗಿ ಕಾಣಿಸುತ್ತವೆಂಬದು ನಿಜ. ಹೆಣ್ಣುಗಂಡುಗಳನ್ನು ಗೊತ್ತುಮಾಡುವ ಮೊದಲು ಹಿರಿಯರು ಇದನ್ನು ಆಲೋಚಿಸಲಿ. ಕೂಸು ಹುಟ್ಟಿದ ಮೇಲೆ ಇದನ್ನು ತಾಯಿಯ ತಲೆಗೆ ಕಟ್ಟುವದು ಅನ್ಯಾಯ.

ಈಗ ಒಂದು ಘನವಾದ ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. “ಎಷ್ಟು ಬೇಗ ಕರಕೊಂಡು ಹೋದರೂ ಕೆಲವು ಮಕ್ಕಳು ಗುಣವಾಗುವದಿಲ್ಲವಲ್ಲಾ! ಅಂಥವರಿಗಾಗಿ ಕೂಲಿ ಬಿಟ್ಟು ಬಳ್ಳಾರಿಗೆ ಅಲೆಯುವದರಿಂದ ಪ್ರಯೋಜನವೇನು?” ಇದು ಬಡವರ ಬಾಯಿಂದ ಬರುವ ಮಾತಾದದರಿಂದ ಇದನ್ನು ಲಘುವಾಗಿ ಎಣಿಸಬಾರದು. ಬಳ್ಳಾರಿಗೆ ಹೋಗಿಬರುವದರೊಳಗೆ ಒಂದು ದಿನದ ಕೂಲಿ ಹೋಗುತ್ತದೆ. ಒಬ್ಬಳ ಕೂಲಿಯಿಂದ ನಾಲ್ವರು ಉಣ್ಣುವ ಮನೆಗಳು ನಮ್ಮ ಸಭೆಯಲ್ಲಿವೆ.

ಇದಕ್ಕೆ ಮೊದಲನೆಯ ಉತ್ತರವೇನಂದರೆ, ಸಹಾಯವೆಂಬದು ಯಾವಾಗಲೂ ಆಸ್ಪತ್ರೆಯಲ್ಲಿ ಮಾತ್ರ ಸಿಕ್ಕುವದಲ್ಲ. ಜಮೈಕಾ ದ್ವೀಪದ ಕಿಂಗ್‌ಸ್ಟನ್ ಪಟ್ಟಣದಲ್ಲಿ 1986ನೆಯ ಇಸವಿಯಿಂದ, ಸರಿಯಾದ ಆಹಾರವಿಲ್ಲದೆ ಬೆಳವಣಿಗೆ ಕುಂದಿದ್ದ 129 ಕೂಸುಗಳನ್ನು ಸ್ಯಾಲಿ ಗ್ರಾಂಥಮ್-ಮೆಗ್ರೆಗರ್ ಎಂಬ ವೈದ್ಯಳೂ ಆಕೆಯ ಸಂಗಡಿಗರೂ ಪರೀಕ್ಷಿಸಿದರು. ಅವುಗಳಲ್ಲಿ ಕೆಲವು ಕೂಸುಗಳ ಮನೆಗಳಿಗೆ ಸಾಮಾನ್ಯ ವಿದ್ಯೆಯುಳ್ಳ ಆರೋಗ್ಯ ಸಹಾಯಕಿಯರು ಎರಡು ವರ್ಷ, ವಾರಕ್ಕೆ ಒಂದು ಗಂಟೆ ಹೋಗಿ, ಮನೆಯಲ್ಲಿರುವ ಸಾಮಾನುಗಳಿಂದಲೇ ಮಾಡಿದ ಆಟಿಕೆಗಳಿಂದ ಮಗುವಿನೊಂದಿಗೆ ಆಡುವದನ್ನೂ ಮಾತಾಡುವದನ್ನೂ ತಾಯಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ಮೇಲೆ ನೋಡಿದರೆ, ಆ ಮಕ್ಕಳು ದೊಡ್ಡವರಾಗಿ, ಅಂಥ ಭೇಟಿ ದೊರೆಯದವರಿಗಿಂತ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ಇದು 2014ರಲ್ಲಿ ಪ್ರಕಟವಾಯಿತು. ವಾರಕ್ಕೊಂದು ಗಂಟೆ, ಒಂದು ಖಾಲಿ ಡಬ್ಬಿ, ನಾಲ್ಕು ಬಟ್ಟೆಯ ತುಂಡು, ಒಂದು ಬಾಯಿ ಮಾತು! ನಮ್ಮ ಸ್ತ್ರೀಯರ ಕೂಟದವರು ಇದನ್ನು ಮಾಡಲಾರರೋ?

ಎರಡನೆಯ ಉತ್ತರವು ಇದಕ್ಕಿಂತಲೂ ಆಶ್ಚರ್ಯವಾದದ್ದು. ಅಮೇರಿಕದ ಅಯೋವಾ ಸೀಮೆಯಲ್ಲಿ 1930ರ ನಂತರದ ವರ್ಷಗಳಲ್ಲಿ ಹೆರಾಲ್ಡ್ ಸ್ಕೀಲ್ಸ್ ಎಂಬ ಮನಶ್ಶಾಸ್ತ್ರಜ್ಞನು ಅನಾಥಾಲಯದಲ್ಲಿದ್ದ, ಮೂರು ವರ್ಷದೊಳಗಿನ ಮಂದಬುದ್ಧಿಯವೆಂದು ಎಣಿಸಲ್ಪಟ್ಟ ಹದಿಮೂರು ಕೂಸುಗಳನ್ನು, ಬುದ್ಧಿ ಕಡಿಮೆಯಾದ ಸ್ತ್ರೀಯರನ್ನು ಇಟ್ಟಿದ್ದ ಒಂದು ಆಶ್ರಯಕ್ಕೆ ಕಳುಹಿಸಿದನು. ಲೋಕವು ನಿಷ್ಪ್ರಯೋಜಕರೆಂದು ತಳ್ಳಿದ್ದ ಆ ಸ್ತ್ರೀಯರು ಒಬ್ಬೊಬ್ಬ ಕೂಸನ್ನು ತಮ್ಮದೆಂದು ಎತ್ತಿಕೊಂಡು ಆಡಿಸಿದರು, ಮಾತಾಡಿಸಿದರು, ಮುದ್ದಿಸಿದರು. ಕೂಸುಗಳು ಚೇತರಿಸಿಕೊಂಡವು, ಅವುಗಳಲ್ಲಿ ಹನ್ನೊಂದನ್ನು ಮುಂದೆ ಕುಟುಂಬಗಳು ದತ್ತು ತೆಗೆದುಕೊಂಡವು. 1966ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಆ ಹದಿಮೂವರೂ ಯಾರ ಹಂಗಿಲ್ಲದೆ ಬಾಳುತ್ತಿದ್ದರು. ಅನಾಥಾಲಯದಲ್ಲಿಯೇ ಉಳಿದ ಬೇರೆ ಹನ್ನೆರಡು ಮಕ್ಕಳಲ್ಲಿ ಕೆಲವರು ಆಗಲೂ ಆಶ್ರಯಗಳಲ್ಲಿಯೇ ಇದ್ದರು. ಇದರಿಂದ ನಾನು ಎರಡು ಸಂಗತಿಗಳನ್ನು ಕಲಿಯುತ್ತೇನೆ. ಕೂಸಿಗೆ ಬೇಕಾದ ಪ್ರಥಮ ಔಷಧವು ತನ್ನನ್ನೇ ನೋಡಿ ನಗುವ ಒಂದು ಮುಖ. ಮತ್ತು ಯಾರಿಂದ ಏನೂ ಆಗದೆಂದು ನಾವು ತೀರ್ಪು ಮಾಡಿದ್ದೇವೋ ಅವರ ಕೈಗಳಿಂದಲೇ ದೇವರು ಈ ಔಷಧವನ್ನು ಕೊಡಿಸಬಲ್ಲನು. ಆದದರಿಂದ ಯಾವ ಮನುಷ್ಯನನ್ನಾದರೂ ಪ್ರಯೋಜನವಿಲ್ಲದವನೆಂದು ಕರೆಯುವದಕ್ಕೆ ನಮಗೆ ಅಧಿಕಾರವಿಲ್ಲ.

ಮೂರನೆಯ ಉತ್ತರವನ್ನು ಸತ್ಯವೇದವೇ ಕೊಡುತ್ತದೆ. ಯೋನಾತಾನನ ಮಗನಾದ ಮೆಫೀಬೋಶೆತನು ಐದು ವರ್ಷದವನಾಗಿದ್ದಾಗ ದಾದಿಯು ಗಾಬರಿಯಿಂದ ಓಡುತ್ತಿರಲು ಬಿದ್ದು ಎರಡೂ ಕಾಲು ಕುಂಟಾದನು. ದಾವೀದನು ಅರಸನಾದ ಮೇಲೆ ಅವನನ್ನು ಹುಡುಕಿಸಿ, ದೂರದ ಊರಲ್ಲಿ ಪರರ ಮನೆಯಲ್ಲಿ ಇದ್ದವನನ್ನು ಕರತರಿಸಿ, ತಂದೆಯ ಭೂಮಿಯನ್ನು ತಿರುಗಿ ಕೊಟ್ಟು, ನಿತ್ಯವೂ ತನ್ನ ಪಂಕ್ತಿಯಲ್ಲಿ ಊಟಕ್ಕೆ ಕೂಡಿಸಿಕೊಂಡನು. ಆ ಅಧ್ಯಾಯದ ಕೊನೆಯ ಮಾತನ್ನು ಓದಿದ್ದೀರೋ? ಅರಸನ ಪಂಕ್ತಿಯಲ್ಲಿ ಕೂತ ಮೇಲೂ ಅವನ ಎರಡು ಕಾಲುಗಳು ಕುಂಟಾಗಿಯೇ ಇದ್ದವೆಂದು ಬರೆದದೆ. ದಾವೀದನು ಕಾಲುಗಳನ್ನು ವಾಸಿಮಾಡಲಿಲ್ಲ, ಅದು ಅವನಿಂದಾಗದು. ಆದರೆ ಪಂಕ್ತಿಯಲ್ಲಿ ಸ್ಥಳ ಕೊಡುವದು ಅವನಿಂದಾಗುತ್ತಿತ್ತು, ಅದನ್ನು ಮಾಡಿದನು. ನಮ್ಮ ಮಕ್ಕಳಲ್ಲಿ ಕೆಲವರು ನಡೆಯಲಾರರು, ಕೆಲವರು ಓದಲಾರರು. ಬೇಗನೆ ಸಹಾಯ ದೊರೆತರೆ ಅವರು ತಮ್ಮ ಕೈಯಿಂದ ಉಣ್ಣುವದನ್ನೋ, ಬೇಕುಬೇಡಗಳನ್ನು ಸನ್ನೆಯಿಂದ ತಿಳಿಸುವದನ್ನೋ ಕಲಿಯಬಹುದು. ಅವರ ಮೈ ಬಿಗಿದು ಗೂನಾಗದಂತೆ ಕಾಪಾಡಬಹುದು. ಅದು ಚಿಕ್ಕ ಸಂಗತಿಯಲ್ಲ. ಅಷ್ಟೂ ಆಗದಿದ್ದರೂ ಪಂಕ್ತಿಯಲ್ಲಿ ಅವರ ಸ್ಥಳವು ಕಡಿಮೆಯಾಗದು. ಮಗು ಗುಣವಾದರೆ ಮಾತ್ರ ಅದಕ್ಕೆ ಬೆಲೆಯೆಂದು ಎಣಿಸುವವನು ಇನ್ನೂ ಸುವಾರ್ತೆಯನ್ನು ತಿಳಿದವನಲ್ಲ.

ಹಾಗಾದರೆ ನಾವು ಮಾಡತಕ್ಕದ್ದೇನು? ಪಾರ್ಶ್ವವಾಯುವಿನವನನ್ನು ನಾಲ್ವರು ಹೊತ್ತುಕೊಂಡು ಬಂದು, ಜನರ ಗುಂಪಿನಿಂದ ಬಾಗಿಲಿಗೆ ಬರಲಾರದೆ, ಮಾಳಿಗೆ ಹತ್ತಿ, ಮೇಲ್ಚಾವಣಿಯನ್ನು ಬಿಚ್ಚಿ ಕೆಳಗಿಳಿಸಿದ ಸಂಗತಿ ನಿಮಗೆ ತಿಳಿದದೆ. ನಮ್ಮ ಊರಿನ ಮಣ್ಣಿನ ಮಾಳಿಗೆಗಳನ್ನೂ ಬೆಳಕಿಂಡಿಗಳನ್ನೂ ನೋಡಿದವರಿಗೆ ಆ ಸಂಗತಿಯು ಕಣ್ಣಿಗೆ ಕಟ್ಟಿದಂತೆ ಇರುವದು. ಹಾಸಿಗೆಯ ನಾಲ್ಕು ಮೂಲೆಗಳನ್ನು ನಾಲ್ವರು ಹಿಡಿದರು. ಒಬ್ಬನು ಕೈಬಿಟ್ಟಿದ್ದರೂ ರೋಗಿಯು ಬೀಳುತ್ತಿದ್ದನು.

ಮೊದಲನೆಯ ಮೂಲೆಯನ್ನು ತಂದೆತಾಯಿಗಳು ಹಿಡಿಯಬೇಕು. ಕೂಸು ಎರಡು ತಿಂಗಳಿಗೆ ಮುಖ ನೋಡಿ ನಗಬೇಕು. ನಾಲ್ಕು ತಿಂಗಳಿಗೆ ಕತ್ತು ನಿಲ್ಲಬೇಕು. ಒಂಬತ್ತು ತಿಂಗಳಿಗೆ ಆಧಾರವಿಲ್ಲದೆ ಕೂಡಬೇಕು. ಒಂದೂವರೆ ವರ್ಷದೊಳಗೆ ನಡೆಯಬೇಕು, ಒಂದೆರಡು ಮಾತಾಡಬೇಕು. ಎರಡು ವರ್ಷಕ್ಕೆ ಎರಡು ಮಾತು ಜೋಡಿಸಬೇಕು. ಹಿಂದಿನಿಂದ ಕರೆದರೆ ತಿರುಗಬೇಕು. ಕಲಿತ ಮಾತನ್ನು ಮರೆಯಬಾರದು. ಒಂದೆರಡು ವಾರದ ಹೆಚ್ಚುಕಡಿಮೆಗೆ ಗಾಬರಿ ಬೇಡ; ಆದರೆ ತಾಯಿಯ ಮನಸ್ಸಿಗೆ ಸಂಶಯ ಬಂದರೆ ಅದನ್ನು ಯಾರೂ, ಉಪದೇಶಿಯೂ ಸಹ, ತಳ್ಳಿಹಾಕಬಾರದು.

ಎರಡನೆಯ ಮೂಲೆಯಲ್ಲಿ ಅಂಗನವಾಡಿಯ ಟೀಚರಮ್ಮನೂ ಆಶಾ ಕಾರ್ಯಕರ್ತೆಯೂ ಇದ್ದಾರೆ. ಅಂಗನವಾಡಿಗಳ ಯೋಜನೆಯು 1975ರಲ್ಲಿ ಆರಂಭವಾಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡವು ವರ್ಷಕ್ಕೆ ಎರಡು ಸಾರಿ ಅಂಗನವಾಡಿಗೆ ಬಂದು, ಹುಟ್ಟುದೋಷ, ರೋಗ, ಪೋಷಣೆಯ ಕೊರತೆ, ಬೆಳವಣಿಗೆಯ ತಡ, ಈ ನಾಲ್ಕನ್ನು ಪರೀಕ್ಷಿಸತಕ್ಕದ್ದು. ಆ ದಿನವನ್ನು ಮುಂದಾಗಿ ಕೇಳಿ ತಿಳಿದು, ಗುಳೆ ಹೋದವರೂ ಮಕ್ಕಳನ್ನು ತೋರಿಸುವಂತೆ ಮಾಡಬೇಕು. ಮೂರನೆಯ ಮೂಲೆಯು ವೈದ್ಯರದೂ ಸರಕಾರದದೂ ಆಗಿದೆ. ತಂಡದವರು ಗುರುತಿಸಿದ ಮಕ್ಕಳಿಗೆ ಚಿಕಿತ್ಸೆಯೂ ತರಬೇತಿಯೂ ದೊರೆಯುವದಕ್ಕೆ ಜಿಲ್ಲೆಗೊಂದು ಕೇಂದ್ರವಿರಬೇಕೆಂಬದು ಇದೇ ಕಾರ್ಯಕ್ರಮದ ಏರ್ಪಾಡು; ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕಿವಿಗೂ ಮಾತಿಗೂ ಸಂಬಂಧಪಟ್ಟ ದೊಡ್ಡ ಸಂಸ್ಥೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ವಿಧವಾದ ನ್ಯೂನತೆಗಳು ಎಣಿಸಲ್ಪಟ್ಟಿವೆ. ಗುರುತಿನ ಚೀಟಿ, ಮಾಸಾಶನ ಮುಂತಾದವುಗಳ ವಿಷಯದಲ್ಲಿ ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು. ಇವು ಭಿಕ್ಷೆಯಲ್ಲ, ಮಗುವಿನ ಹಕ್ಕು.

ನಾಲ್ಕನೆಯ ಮೂಲೆ ಸಭೆಯದು. ನಾನು ಕೈಬಿಟ್ಟದ್ದು ಈ ಮೂಲೆಯನ್ನೇ. ಆದದರಿಂದ ಈಗ ನಮ್ಮ ಸಭೆಯಲ್ಲಿ ಮಾಡಿಕೊಂಡ ಕ್ರಮವನ್ನು ಹೇಳುತ್ತೇನೆ. ಹೆಂಗಸರು ಮನೆಮನೆಯಲ್ಲಿ ಎತ್ತಿಡುವ ಹಿಡಿಯಕ್ಕಿಯ ಹಣದಲ್ಲಿ ಒಂದು ಪಾಲನ್ನು, ಮಗುವನ್ನು ಆಸ್ಪತ್ರೆಗೆ ಕರಕೊಂಡು ಹೋಗುವ ತಾಯಿಯ ಬಸ್ಸಿನ ವೆಚ್ಚಕ್ಕೂ ಆ ದಿನದ ಕೂಲಿಗೂ ಕೊಡುತ್ತೇವೆ. ಆಕೆಯ ಜೊತೆಗೆ ಒಬ್ಬರು ಹೋಗುತ್ತಾರೆ. ದೀಕ್ಷಾಸ್ನಾನಕ್ಕೆ ಕೂಸನ್ನು ತಂದಾಗ ಅದರ ಕಿವಿ, ಕಣ್ಣು, ಕೈಕಾಲುಗಳನ್ನು ತೋರಿಸಿದ್ದಾಯಿತೋ ಎಂದು ವಿಚಾರಿಸುತ್ತೇವೆ. ಯಾವ ಮಗುವನ್ನೂ ಮೂಗ, ಕುಂಟ, ಪೆದ್ದ ಎಂದು ಕರೆಯಬಾರದೆಂದು ಗೊತ್ತುಮಾಡಿದ್ದೇವೆ. ದೀಕ್ಷಾಸ್ನಾನದಲ್ಲಿ ಕೊಟ್ಟ ಹೆಸರು ಯಾತಕ್ಕೆ ಇದೆ? ಸಂಡೇ ಶಾಲೆಯಲ್ಲಿ ಅಂಥ ಮಗುವಿಗೆ ಮುಂದಿನ ಸಾಲಿನಲ್ಲಿ ಸ್ಥಳ.

ಆ ತಾಯಿಯ ಮಗನಿಗೆ ಈಗ ಹನ್ನೊಂದು ವರ್ಷ. ಅವನು ಕಿವುಡ ಮಕ್ಕಳ ಶಾಲೆಯಲ್ಲಿ ಸನ್ನೆಯ ಭಾಷೆಯನ್ನು ಕಲಿತು ರಜೆಗೆ ಊರಿಗೆ ಬರುತ್ತಾನೆ. ಬಾಯಿಮಾತು ಅವನಿಗೆ ಬರಲಿಲ್ಲ, ಬರುವದೂ ಕಷ್ಟ. ಕಳೆದ ವರ್ಷಗಳನ್ನು ನಾನು ತಿರುಗಿ ಕೊಡಲಾರೆನು. 1810ರಲ್ಲಿ ನಮ್ಮ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅಯ್ಯನವರು ಕನ್ನಡವನ್ನು ಕಲಿತು ಸತ್ಯವೇದದ ಭಾಷಾಂತರಕ್ಕೆ ಕೈಹಾಕಿದರು. 1831ರಲ್ಲಿ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಬಂತು. ನಮಗೆ ನಮ್ಮ ಭಾಷೆಯಲ್ಲಿ ಸುವಾರ್ತೆ ಬೇಕೆಂದು ಅವರು ಅಷ್ಟು ವರ್ಷ ಕಷ್ಟಪಟ್ಟರು. ಈ ಹುಡುಗನಿಗೆ ಅವನ ಭಾಷೆಯಲ್ಲಿ ಹೇಳುವದಕ್ಕೆ ನಾನು ಎಷ್ಟು ಕಷ್ಟಪಟ್ಟೆನು? ಕಳೆದ ರಜೆಯಲ್ಲಿ ಅವನೇ ನನಗೆ ಕಲಿಸಿದನು. ಒಂದು ಕೈಯ ನಡುಬೆರಳಿನಿಂದ ಇನ್ನೊಂದು ಅಂಗೈಯ ಮಧ್ಯವನ್ನು ಮುಟ್ಟಿ, ಹಾಗೆಯೇ ಮತ್ತೊಂದನ್ನು ಮುಟ್ಟಿ ತೋರಿಸಿದನು. ಯೇಸುವೆಂಬ ಹೆಸರಿಗೆ ಕಿವುಡರ ಸನ್ನೆಯು ಇದೇ, ಮೊಳೆಯ ಗಾಯಗಳ ಗುರುತು. ಎಷ್ಟೋ ವರ್ಷ ಬಾಯಿಂದ ಹೇಳಿದ ಆ ಹೆಸರನ್ನು ನಾನು ಅಂದು ಕೈಯಿಂದ ಹೇಳಿದೆನು.

ಆ ಸಾಯಂಕಾಲ ನಾನು ಆಕೆಯ ಮನೆಗೆ ಹೋಗಿ, ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಹೇಳಿ, ಕ್ಷಮಿಸೆಂದು ಬೇಡಿಕೊಂಡೆನು. ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಯ್ಯನವರೇ, ನೀವು ಪ್ರಾರ್ಥನೆ ಮಾಡಿದ್ದು ತಪ್ಪಲ್ಲ. ಇನ್ನು ಮುಂದೆ ಯಾವಳಾದರೂ ಕೂಸನ್ನು ಎತ್ತಿಕೊಂಡು ಬಂದರೆ ಪ್ರಾರ್ಥನೆ ಮಾಡಿರಿ, ಮಾಡಿ, ಆಕೆಯ ಸಂಗಡ ಬಸ್ಸು ಹತ್ತಿರಿ” ಎಂದಳು.

ಪ್ರಿಯ ಸಹೋದರ ಸಹೋದರಿಯರೇ, ನಿಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ತಡವಾಗಿ ಬೆಳೆಯುವ ಕೂಸು ಇದ್ದರೆ, ಕರ್ತನು ಕೇಳಿದ ಪ್ರಶ್ನೆಯನ್ನು ನೀವೂ ಕೇಳಿರಿ: ಹೀಗಾಗಿ ಎಷ್ಟು ಕಾಲವಾಯಿತು? ಉತ್ತರವು ಎಷ್ಟೇ ಆಗಿರಲಿ, ಇನ್ನೊಂದು ದಿನ ಅದಕ್ಕೆ ಕೂಡಿಸಬೇಡಿರಿ. ದೇವರ ಕೃಪೆಯು ನಿಮ್ಮೆಲ್ಲರ ಸಂಗಡ ಇರಲಿ.

— ಹಚ್ಚೊಳ್ಳಿಯ ಒಬ್ಬ ಉಪದೇಶಿ